ಕಾಯುವ ತಟ್ಟೆ

ನೀವು ತಾಯಲೂರಿನ ಕಡೆ ಬಂದರೆ ನಮ್ಮ ಚಿಕ್ಕಮ್ಮನ ಮುಸುಕಿನ ಜೋಳದ ಹೊಲವನ್ನು ದೂರದಿಂದಲೇ ಗುರುತಿಸಬಹುದು. ಬದುವಿನುದ್ದಕ್ಕೂ ದಾರದಲ್ಲಿ ತೂಗಾಡುವ ಹಳೆಯ ಸಿ.ಡಿ. ತಟ್ಟೆಗಳು ಬಿಸಿಲಿಗೆ ಮಿಂಚಿ ಗಿಳಿಗಳನ್ನು ಬೆದರಿಸುತ್ತಿರುತ್ತವೆ. ಭಕ್ತಿಗೀತೆಯೋ, ಯಾರದೋ ಮದುವೆಯ ವಿಡಿಯೊವೋ, ಎಲ್ಲಕ್ಕೂ ಅಲ್ಲಿ ಒಂದೇ ಉದ್ಯೋಗ, ಹೊಲ ಕಾಯುವುದು. ಕೋಲಾರದ ಹಳೇ ಸಾಮಾನಿನ ಅಂಗಡಿಯಲ್ಲಿ ನಾನು ಕೊಂಡುತಂದ ಜಾಜ್ ಸಂಗೀತದ ಸಿ.ಡಿ. ಮೇಲೂ ಚಿಕ್ಕಮ್ಮನ ಕಣ್ಣಿತ್ತು.

ಅದು ಯಾವುದೋ ದೂರದೇಶದ ರಂಗನಾಟಕಕ್ಕೆಂದು ಕಟ್ಟಿದ ಸಂಗೀತ. ಅದರಲ್ಲಿ ನಾಟಕವೂ ಇಲ್ಲ, ಮಾತೂ ಇಲ್ಲ. ಹೂರಣ ಬಿಟ್ಟು ಬರೀ ಕಣಕ ಬಡಿಸಿದ ಹೋಳಿಗೆ ಎಂದು ನಾನು ಗೊಣಗಿಕೊಂಡಿದ್ದೆ.

ಚಿಕ್ಕಪ್ಪ ಊರಿನ ಹಾರ್ಮೋನಿಯಂ ಮೇಷ್ಟ್ರು, ಪೌರಾಣಿಕ ನಾಟಕ ಕಲಿಸಿಯೇ ತಲೆ ನರೆತವರು. ಈ ಸಲ ನಾಟಕದವರು ಸಂಗೀತವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದು, "ಮೇಷ್ಟ್ರೇ, ನೀವು ಮುಂದೆ ಕೂತ್ಕಳಿ, ಶಾಲು ಹೊದಿಸ್ತೀವಿ" ಎಂದರಂತೆ. ಚಿಕ್ಕಪ್ಪ ನೊಂದುಕೊಂಡರು. ಇನ್ನು ಹಾರ್ಮೋನಿಯಂ ಪೆಟ್ಟಿಗೆ ಮುಟ್ಟುವುದಿಲ್ಲ ಎಂದುಬಿಟ್ಟರು. ಅದರ ಮೇಲೆ ರಾಗಿಹಿಟ್ಟಿನ ಡಬ್ಬ ಬಂದು ಕೂತಿತು.

ವೇಷ ಕಟ್ಟಿ ಆಡಿನೋಡುವ ಬಣ್ಣದ ತಾಲೀಮಿನ ದಿನ ಮಧ್ಯಾಹ್ನ ಚಿಕ್ಕಪ್ಪನನ್ನು ಮುಳಬಾಗಿಲಿನಿಂದ ಕಾರಿನಲ್ಲಿ ಕರೆತರುವಾಗ ಆ ಸಿ.ಡಿ. ಹಾಕಿದೆ. ಕೊನೆಯ ತುಣುಕಿನಲ್ಲಿ ಸ್ಯಾಕ್ಸೊಫೋನು ನಾಲ್ಕು ಸ್ವರಗಳ ಒಂದೇ ಸೊಲ್ಲನ್ನು ಹಿಡಿದು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಅಲ್ಲಿಗೇ ಬರುತ್ತಿತ್ತು. ಚಿಕ್ಕಪ್ಪ ಮುಂದಕ್ಕೆ ಬಾಗಿ, "ಇಂಕಾ ರಾಲೇದು" ಎಂದರು. ಗಾಬರಿಯಾದಾಗ ಅವರ ಬಾಯಿಗೆ ತೆಲುಗೇ ಮೊದಲು ಬರುತ್ತದೆ.

"ಯಾರು ಬಂದಿಲ್ಲ, ಚಿಕ್ಕಪ್ಪ?"

"ಪಾತ್ರಧಾರಿ ಕಣೋ. ಒಳಗೆ ಕಿರೀಟ ಸಿಕ್ಕಿಲ್ಲ ಅವನಿಗೆ. ಅದಕ್ಕೇ ಊದೋ ಮೇಷ್ಟ್ರು ಅವನು ಬರೋಗಂಟ ಎಳೀತಾ ಅವ್ರೆ, ಕೇಳು."

ತುಣುಕು ಮುಗಿಯಿತು. ಯಾರೂ ಬರಲಿಲ್ಲ. ಚಿಕ್ಕಪ್ಪ "ಪಾಪ" ಎಂದು ಕಿಟಕಿಯಾಚೆ ನೋಡುತ್ತ ಕೂತರು.

ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಜಾಜ್ ಕುರಿತು ನಾನು ಓದಿದ್ದ ಯಾವ ಪಂಡಿತರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ನಮ್ಮ ಕನ್ನಡದ ಜಾಣತನ ನೋಡಿ: ಕಾಯುವುದೆಂದರೆ ಎದುರುನೋಡುವುದೂ ಹೌದು, ಕಾಪಾಡುವುದೂ ಹೌದು. ಪರದೆಯ ಹಿಂದೆ ಪರದಾಡುವವನಿಗಾಗಿ ಕಾಯುತ್ತಲೇ ಮೇಷ್ಟ್ರು ಅವನ ಮಾನವನ್ನೂ ಕಾಯುತ್ತಿರುತ್ತಾರೆ.

ತಾಲೀಮಿಗೆ ನಾಟಕದವರು ಒತ್ತಾಯಿಸಿ ಚಿಕ್ಕಪ್ಪನನ್ನು ಮುಂದೆ ಕೂರಿಸಿದ್ದರು. ಪೆನ್‌ಡ್ರೈವು ದುರ್ಯೋಧನನ ಪ್ರವೇಶದ ಸಂಗೀತವನ್ನು ಶಿಸ್ತಾಗಿ ನುಡಿಸಿ ಸುಮ್ಮನಾಯಿತು. ದುರ್ಯೋಧನನ ಮೀಸೆ ಇನ್ನೂ ಅಂಟಿರಲಿಲ್ಲ. ರಂಗ ಖಾಲಿ, ಎಲ್ಲರೂ ಮುಖ ಮುಖ ನೋಡಿಕೊಂಡರು. ಚಿಕ್ಕಪ್ಪನ ಬೆರಳುಗಳು ತೊಡೆಯ ಮೇಲೆ ಓಡಾಡಿದವು. ಸ್ವಲ್ಪ ಹೊತ್ತು ತಡೆದುಕೊಂಡರು, ಆಗಲಿಲ್ಲ. ಬಾಯಿಂದಲೇ ಹೊರಟಿತು, ಆ ಸ್ಯಾಕ್ಸೊಫೋನಿನ ನಾಲ್ಕು ಸ್ವರ. ಯಾರೋ ಕುರ್ಚಿ ತಟ್ಟಿ ತಾಳ ಹಿಡಿದರು. ಎಷ್ಟೋ ಸುತ್ತಿನ ಮೇಲೆ ಕುರುಕುಲದ ಅರಸ ಆ ಜಾಜ್ ಸ್ವರಕ್ಕೇ ಗದೆ ತೂಗುತ್ತ ಬಂದು, ಒಂದು ಕೈಯಲ್ಲಿ ಮೀಸೆ ಒತ್ತಿ ಹಿಡಿದು, "ಮೇಷ್ಟ್ರೇ, ಪೆಟ್ಟಿಗೆ ತಂದ್ಬಿಡಿ. ಆ ಪೆನ್‌ಡ್ರೈವು ನಂಗೆ ಕಾಯಲ್ಲ" ಎಂದ.

ಮರುದಿನ ಬೆಳಗ್ಗೆ ರಾಗಿಹಿಟ್ಟಿನ ಡಬ್ಬ ನೆಲಕ್ಕಿಳಿದಿತ್ತು. ಚಿಕ್ಕಮ್ಮ ಜಗುಲಿಯ ಮೇಲೆ ಕೂತು ನನ್ನ ಜಾಜ್ ತಟ್ಟೆಯ ತೂತಿಗೆ ದಾರ ಪೋಣಿಸುತ್ತಿದ್ದರು. ಹಾರ್ಮೋನಿಯಂ ಒರೆಸುತ್ತಿದ್ದ ಚಿಕ್ಕಪ್ಪ ತಲೆಯೆತ್ತಿ ನೋಡಿದರು.

"ಅದೊಂದು ಬೇಡ ಕಣೇ," ಎಂದರು. "ಅದರಲ್ಲಿ ಒಬ್ಬ ಇನ್ನೂ ಬರ್ಬೇಕು."