ಚುಕ್ಕೆ ಮೇಲೆ ಚುಕ್ಕೆ

ನಮ್ಮ ಪಿಎಚ್‌ಡಿ ಗೈಡ್ ಮೇಡಂ ಅವರ ಬಲಗೈ ತೋರುಬೆರಳಿನ ಉಗುರು ಅರ್ಧ ಕಪ್ಪು. ಚಿಕ್ಕಂದಿನಲ್ಲಿ ತಮ್ಮೂರು ಹೊಳಲಿನ ಗದ್ದೆಯಲ್ಲಿ ಕುಡುಗೋಲು ತಗುಲಿತ್ತಂತೆ. ಆ ಬೆರಳು ನಮ್ಮ ಹಾಳೆಯ ಮೇಲೆ ಎಲ್ಲಿ ನಿಂತಿತೋ ಅಲ್ಲಿ ತಪ್ಪಿದೆ ಎಂದೇ ಲೆಕ್ಕ. ಅದು ಸಾಲಿನಿಂದ ಸಾಲಿಗೆ ಇಳಿಯುವಾಗ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ಮಂಡ್ಯದ ಕಾಲೇಜಿನಲ್ಲಿ ಅವರು ಮಣ್ಣಿನ ವಿಜ್ಞಾನ ಹೇಳಿಕೊಡುತ್ತಿದ್ದರು. ವೇದಿಕೆಯ ಮೇಲೆ ಚೊಕ್ಕ ಇಂಗ್ಲಿಷು. ಕೆಳಗಿಳಿದರೆ ಅಪ್ಪಟ ಹೊಳಲಿನ ಮಾತು. ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಗ್ರಾಫ್ ತೋರಿಸಲು ಹೋದರೆ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡು, “ಊಂ, ಓದು” ಅನ್ನುವರು. ಅಡ್ಡಗೆರೆಯಲ್ಲಿ ಏನಿದೆ, ನಿಂತ ಗೆರೆಯಲ್ಲಿ ಏನಿದೆ, ಚುಕ್ಕೆಗಳು ಎಲ್ಲಿ ಏರಿ ಎಲ್ಲಿ ಇಳಿದಿವೆ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ತಡವರಿಸಿದರೆ ಮುಗಿಯಿತು: “ನಿಂಗೇ ತಿಳ್ದಿಲ್ಲ ಕಣಮ್ಮ. ಓಗು, ಸರ್ಯಾಗಿ ಬರ್ಕಂಡು ಬಾ.” ಈಯಮ್ಮನ ಕೈಗೆ ಎಲ್ಲಿ ಸಿಕ್ಕಿಬಿದ್ದೆನಪ್ಪಾ ಎಂದು ಹಾಸ್ಟೆಲಿಗೆ ಬಂದು ಗೊಣಗಿದ್ದುಂಟು.

ನನ್ನ ಸಂಶೋಧನೆ ನಾಲೆ ನೀರಿನದು. ನೀರು ಬಿಟ್ಟಾಗ, ನಿಂತಾಗ ಗದ್ದೆಯ ಮಣ್ಣಿನ ತೇವ ಹೇಗೆ ಏರಿಳಿಯುತ್ತದೆ ಎಂದು ಅಳೆಯುವುದು. ನಮ್ಮೂರು ಕಿರುಗಾವಲಿನಿಂದ ಬೆಳಕವಾಡಿಯವರೆಗೆ ಗದ್ದೆಗಳಲ್ಲಿ ತೇವ ಅಳೆಯುವ ಸೆನ್ಸರ್ ಹುಗಿದಿದ್ದೆ. ಹುಗಿಯಲು ಬಿಟ್ಟ ಪ್ರತಿಯೊಬ್ಬ ರೈತನೂ ಕೇಳಿದ್ದು ಒಂದೇ ಮಾತು: “ನಮ್ ಗದ್ದೇದೂ ಬತ್ತದೇನವ್ವ ಬುಕ್ನಾಗೆ?” ಅವರೆಲ್ಲ ನನಗೆ ಮಾವ, ಚಿಕ್ಕಪ್ಪ, ಅಣ್ಣ ಆಗಬೇಕಾದವರು. ಬರುತ್ತದೆ ಎಂದು ಎಲ್ಲರಿಗೂ ಮಾತು ಕೊಟ್ಟೆ. ಹಾಗಾಗಿ ಎಲ್ಲ ಗದ್ದೆಗಳ, ಎಲ್ಲ ಹೊತ್ತಿನ ಅಳತೆಯನ್ನೂ ಒಂದೇ ಗ್ರಾಫಿಗೆ ತುಂಬಿದೆ. ಒಂದೊಂದು ಅಳತೆಗೂ ಒಂದೊಂದು ಚುಕ್ಕೆ.

ಪ್ರಬಂಧ ಸಲ್ಲಿಸುವ ಕೊನೆಯ ದಿನ ಮೇಡಂ ರಜೆಯಲ್ಲಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಹೊಳಲಿನ ಮನೆಯಲ್ಲಿ ಕೂತಿದ್ದರು. ಗೈಡ್ ಒಪ್ಪಿಗೆಯ ಓಟಿಪಿ ಅವರ ಫೋನಿಗೇ ಬರಬೇಕಾದ್ದರಿಂದ ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೇ ಹೋದೆ. ಸಂಜೆ ಐದಕ್ಕೆ ವಿಶ್ವವಿದ್ಯಾಲಯದ ಪೋರ್ಟಲ್ ಮುಚ್ಚುತ್ತಿತ್ತು. ನನಗೆ ಸಿಗಬೇಕಾದ ಹೆಚ್ಚುವರಿ ಅವಧಿಯೆಲ್ಲ ಮುಗಿದಿತ್ತು; ಅವತ್ತು ತಪ್ಪಿದರೆ ನೋಂದಣಿಯೇ ರದ್ದು. ಇಷ್ಟು ವರ್ಷದ ದುಡಿಮೆ ನೀರುಪಾಲು.

ಫೈಲ್ ಹಾಕಿದೆ. ಗಾತ್ರ ಹೆಚ್ಚಾಯಿತು ಎಂದು ಪೋರ್ಟಲ್ ವಾಪಸು ತಳ್ಳಿತು. ಗ್ರಾಫುಗಳ ಮೂಲೆ ಹಿಡಿದು ಎಳೆದು ಅಂಗೈ ಅಗಲಕ್ಕೆ ಇಳಿಸಿದೆ. ನೋಡಲು ಚಿಕ್ಕದಾದವೇ ಹೊರತು ಫೈಲಿನ ತೂಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಲ್ಯಾಪ್‌ಟಾಪನ್ನು ಮೇಡಂ ಮುಂದೆ ಹಿಡಿದೆ. ಕಣ್ಣಿಗೆ ಡ್ರಾಪ್ಸ್ ಹಾಕಲು ಬಂದ ಅವರ ಯಜಮಾನರು ತಡೆದರು: “ಡಾಕ್ಟ್ರು ಸ್ಕ್ರೀನ್ ನೋಡ್ಬ್ಯಾಡಿ ಅಂದವ್ರೆ. ಅತ್ಲಾಗ್ ಮಡಗವ್ವ ಅದ.”

“ನಾನ್ಯಾಕ್ ನೋಡ್ಲಿ?” ಅಂದರು ಮೇಡಂ. “ಅವಳು ಓದ್ತಾಳೆ. ನಾನ್ ಕೇಳಿಸ್ಕತೀನಿ.”

ಮೊದಲು ಪ್ರಬಂಧದಿಂದ ಒಂದೊಂದೇ ಗ್ರಾಫ್ ತೆಗೆದುಹಾಕಿ ಪ್ರತಿ ಸಲವೂ ಫೈಲಿನ ಗಾತ್ರ ನೋಡಲು ಹೇಳಿದರು. “ಕಾಲ್ವೇಲಿ ನೀರ್ ಎಲ್ ಸೋರ್ತದೆ ಅಂತ ಎಂಗ್ ಉಡುಕ್ತೀಯ? ಒಂದೊಂದೇ ತೂಬು ಮುಚ್ಕಂಡ್ ಬರಲ್ವಾ?” ಬೇರೆ ಗ್ರಾಫುಗಳನ್ನು ತೆಗೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎಲ್ಲ ಗದ್ದೆಗಳ ಅಳತೆ ತುಂಬಿದ ಆ ತೇವದ ಗ್ರಾಫ್ ತೆಗೆದ ಕೂಡಲೇ ಫೈಲು ಹಗುರಾಯಿತು.

“ಸಿಕ್ತು ಬುಡು. ಈಗ ಅದೊಂದ್ನೇ ತೆರ್ದು ನೋಡು. ಎಂಗ್ ತೆರ್ಕತದೆ ಏಳು.”

ಹೇಳಿದೆ. ಮೊದಲು ಗೆರೆಗಳು, ಊರಿನ ಹೆಸರುಗಳು ಬಂದವು. ಆಮೇಲೆ ಚುಕ್ಕೆಗಳು ಸೋನೆಯ ಹಾಗೆ ಬೀಳತೊಡಗಿದವು. “ಒಂದು ಕಡೆ ಪೂರ್ತಿ ಕಪ್ಪಾಗೋಯ್ತು ಮೇಡಂ. ಆದ್ರೂ ಅಲ್ಲೇ ಇನ್ನೂ ಚುಕ್ಕೆ ಇಡ್ತಾನೇ ಅದೆ.”

ಮೇಡಂ ನೆಟ್ಟಗೆ ಕೂತರು. “ಚುಕ್ಕೆ ಮ್ಯಾಲೆ ಚುಕ್ಕೆ. ಕಣ್ಗೆ ಕಾಣ್ದೆ ಇರೋವ್ನೂ ಒಂದೊಂದಾಗಿ ಒತ್ಕಂಡ್ ಕೂತದೆ ಕಣಮ್ಮ ಅದು.”

ನಾನು ಅವಸರಕ್ಕೆ ಬಿದ್ದು ಇಡೀ ಗ್ರಾಫನ್ನೇ ಒಂದು ಸಣ್ಣ ಫೋಟೊ ಮಾಡಿದೆ. ಹಗುರವೇನೋ ಆಯಿತು. “ಕಿರುಗಾವ್ಲು ಅಂತ ಬರ್ದಿರೋದು ಓದಕ್ಕಾಯ್ತದಾ?” ಎಂದು ಕೇಳಿದರು. ದೊಡ್ಡದು ಮಾಡಿ ನೋಡಿದೆ, ಅಕ್ಷರಗಳು ಕಲಸಿಹೋಗಿದ್ದವು. ಹಾಗಾದರೆ ಅರ್ಧ ಅಳತೆಗಳನ್ನೇ ತೆಗೆದುಬಿಡಲೇ ಎಂದೆ.

“ತೆಗಿ. ಯಾರ್ ಗದ್ದೇದು ತೆಗೀತೀಯ?”

ರೈತರಿಗೆ ಕೊಟ್ಟ ಮಾತು ನೆನಪಾಗಿ ಆ ಯೋಚನೆ ಬಿಟ್ಟೆ. ಗೋಡೆ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಮೇಡಂ ಮಾತ್ರ ಸಾವಕಾಶವಾಗಿ ಹೇಳಿದರು: “ಅಕ್ಸರ, ಗೆರೆ ಅಂಗೇ ಇರ್ಲಿ. ಚುಕ್ಕೆ ಅಷ್ಟ್ನೂ ಸೇರ್ಸಿ ಒಂದೇ ಫೋಟೊ ಮಾಡಿ ಅದರೊಳಕ್ಕೆ ಕೂರ್ಸು. ಆ ಸಾಫ್ಟ್‌ವೇರ್ನಲ್ಲಿ ಅದ್ಕೊಂದು ದಾರಿ ಇರ್ತದೆ, ಉಡುಕು.”

ಇತ್ತು. ಗ್ರಾಫ್ ಬರೆಯುವ ಪ್ರೋಗ್ರಾಮಿನಲ್ಲಿ ಚುಕ್ಕೆ ಬಿಡಿಸುವ ಸಾಲಿಗೆ ಒಂದು ಪದ ಸೇರಿಸಿದರೆ ಸಾಕಿತ್ತು. ಹೊಸ ಫೈಲು ಬಂತು. ಅಕ್ಷರಗಳು ಚೂಪು, ಚುಕ್ಕೆಗಳೆಲ್ಲ ಇದ್ದಲ್ಲೇ ಇದ್ದವು, ತೂಕ ಮಾತ್ರ ಫೋನಿನಲ್ಲಿ ತೆಗೆದ ಒಂದು ಫೋಟೊಗಿಂತ ಕಡಿಮೆ. ಮತ್ತೆ ಪೋರ್ಟಲ್‌ಗೆ ಹಾಕಿದೆ. ಯಜಮಾನರು ಮೇಡಂ ಅವರ ಫೋನನ್ನು ದೂರ ಹಿಡಿದು ಓಟಿಪಿಯನ್ನು ಗಟ್ಟಿಯಾಗಿ ಓದಿದರು. ಒತ್ತುವ ಮೊದಲು ನಾನು ಮೇಡಂ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಸ್ವೀಕರಿಸಲಾಗಿದೆ ಎಂದು ಬಂತು.

ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಗಿ ನಾನು ಅಲ್ಲೇ ಅತ್ತುಬಿಟ್ಟೆ. “ಅಳದ್ ಬುಡು, ಉಪ್ಸಾರ್ ಅದೆ, ಮುದ್ದೆ ಉಂಡ್ಕಂಡ್ ಓಗು” ಅಂದರು. ಅಷ್ಟು ನೆಮ್ಮದಿಯಾಗಿ ಊಟ ಮಾಡಿ ಎಷ್ಟು ತಿಂಗಳಾಗಿತ್ತೋ. ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡೆ.

ಪ್ರಬಂಧ ಬೈಂಡಾಗಿ ಬಂದಾಗ ಒಂದು ಪ್ರತಿ ಹಿಡಿದು ಮತ್ತೆ ಹೊಳಲಿಗೆ ಹೋದೆ. ಅಷ್ಟರಲ್ಲಿ ಅವರ ಕಪ್ಪು ಕನ್ನಡಕ ಹೋಗಿತ್ತು. ಎಲ್ಲ ಅಳತೆಯೂ ತುಂಬಿದ ಆ ಗ್ರಾಫನ್ನು ಅವರು ಕಣ್ಣಾರೆ ನೋಡುತ್ತಿದ್ದದ್ದು ಅದೇ ಮೊದಲು. ಪುಟ ತೆರೆದು, ಒಂದು ಗಳಿಗೆ ನೋಡಿ, ಮುಂದಕ್ಕೆ ತಿರುವಿದರು.

“ಎಂಗದೆ ಮೇಡಂ?” ಎಂದು ಕೇಳಿದೆ.

“ಎಂಗದೆ ಅಂದ್ರೆ? ನೀನ್ ಏಳ್ದಂಗೇ ಅದೆ.”

ನೋಡದ ಗ್ರಾಫಿಗೆ, ನನ್ನ ಬಾಯಿಮಾತು ಒಂದನ್ನೇ ನಂಬಿ, ತಮ್ಮ ಒಪ್ಪಿಗೆ ಕೊಟ್ಟಿದ್ದರು ಅವರು. ಅದು ನನಗೆ ಹೊಳೆದದ್ದು ಆಗ.