ಹನ್ನೊಂದನೆಯ ಮಣಿ

ವಾಷಿಂಗ್ ಮೆಷಿನ್ನಿಗೆ ಹಾಕಿ ಜಪಸರ ಒಗೆದ ಪುಣ್ಯಾತ್ಮ ಇಡೀ ಶಿಕಾರಿಪುರದಲ್ಲಿ ನಾನೊಬ್ಬನೇ ಇರಬೇಕು. ಅಂಗಿಯ ಜೇಬಿನಲ್ಲೇ ಮರೆತಿದ್ದೆ. ಕಟಕಟ ಸದ್ದು ಕೇಳಿ ಓಡಿಬರುವಷ್ಟರಲ್ಲಿ ದಾರ ಹರಿದು ಮಣಿಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಹೆಂಡತಿಯ ಬೈಗುಳವನ್ನು ಪ್ರಾಯಶ್ಚಿತ್ತವೆಂದು ಸ್ವೀಕರಿಸಿ, ಕನ್ನಡಕ ಏರಿಸಿಕೊಂಡು ಹೊಸ ದಾರಕ್ಕೆ ಪೋಣಿಸಲು ಕೂತೆ. ಜಪಸರವೆಂದರೆ ಹತ್ತು ಹತ್ತು ಮಣಿಗಳ ಐದು ಗುಂಪು. ಮಣಿಗೊಂದು ನಮೋ ಮರಿಯಾ ಪ್ರಾರ್ಥನೆ. ಮುಗಿಸಿ ಹೆಮ್ಮೆಯಿಂದ ತೋರಿಸಿದರೆ ಅವಳು ಎಣಿಸಿ ನೋಡಿ, "ಇಲ್ಲಿ ಹನ್ನೊಂದು ಆಗ್ಯಾವಲ್ರೀ, ಆ ಕಡೆ ಒಂಬತ್ತೇ ಅದಾವು" ಎಂದಳು.

ಹನ್ನೊಂದು ಎಂದೊಡನೆ ಲೂರ್ದಮ್ಮತ್ತೆ ನೆನಪಾದರು. ನಾನು ಹುಟ್ಟಿ ಬೆಳೆದ ಸೊರಬದಲ್ಲಿ ಸಂತೆಯ ದಿನ ಒಣಮೀನು ಮಾರುತ್ತಿದ್ದ ಹೆಂಗಸು ಅವರು. ರಕ್ತಸಂಬಂಧವಿಲ್ಲದಿದ್ದರೂ ಊರಿನ ಏಳೆಂಟು ಕ್ರೈಸ್ತ ಮನೆಗಳಿಗೆಲ್ಲ ಅತ್ತೆ. ಅಕ್ಟೋಬರ್ ತಿಂಗಳಲ್ಲಿ ದಿನಕ್ಕೊಂದು ಮನೆಯಲ್ಲಿ ಸಂಜೆ ಜಪಸರ, ಹೇಳಿಕೊಡುವವರು ಅವರೇ. ಕೈ ತೊಳೆದು ಬಂದರೂ ಅವರ ಮಣಿಗಳಿಗೆ ಒಣಸೀಗಡಿಯ ವಾಸನೆ ಇದ್ದೇ ಇರುತ್ತಿತ್ತು. ಕೊನೆಯ ಗುಂಪಿನಲ್ಲಿ ಮಾತ್ರ ಪ್ರತಿ ಸಲ ಹನ್ನೊಂದು ಹೇಳುತ್ತಿದ್ದರು.

ನಾನೋ, ಧರ್ಮೋಪದೇಶದ ಪರೀಕ್ಷೆಯಲ್ಲಿ ಮೊದಲ ಬಹುಮಾನ ಪಡೆದವನು. ಒಂದು ಸಂಜೆ ಎಲ್ಲರೆದುರೇ, "ಅತ್ತೆ, ಒಂದು ಹೆಚ್ಚಾತು" ಎಂದುಬಿಟ್ಟೆ. ಅವರಿಗೇನೂ ಬೇಸರವಾಗಲಿಲ್ಲ.

"ಗೊತ್ತದೆ ಮಗಾ. ಹತ್ತು ನಮಗೆ. ಇವತ್ತು ಬರದೇ ಇದ್ದೋರಿಗೆ ಯಾರು ಹೇಳ್ತಾರೆ?"

ಆ ವಯಸ್ಸಿಗೆ ಅದು ನನಗೆ ಹೊಳೆಯಲಿಲ್ಲ. ಹೊಳೆಯಲು ನಾನೇ ಬರದವನಾಗಬೇಕಾಯಿತು. ನನ್ನ ತಾಯಿ ಕಾಯಿಲೆ ಬಿದ್ದಾಗ ಸವೆಯುವಷ್ಟು ಮಣಿ ಎಣಿಸಿದ್ದೆ. ಆದರೂ ಅಮ್ಮ ಹೋದಳು. ದೇವರ ಮೇಲೆ ಮುನಿಸಿಕೊಂಡೆ. ಮೂರು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮತ್ತೆ ಕಾಲಿಟ್ಟದ್ದು ಲೂರ್ದಮ್ಮತ್ತೆಯ ಮಣ್ಣಿಗೆ, ಅದೂ ಬಾಗಿಲವರೆಗೆ. ಗೆಳೆಯ ಅಂತೋಣಿ, ಟೇಲರ್ ಅಂತೋಣಿ, ಬಂದು ನನ್ನ ತೋಳು ಹಿಡಿದ.

"ಹೊರಗೇ ನಿಲ್ತಿಯೇನೋ ಮಾರಾಯ? ಮೂರು ವರ್ಷ ಆ ಹನ್ನೊಂದನೇದು ನಿನ್ನ ಹೆಸರಿಗೇ ಹೋಗಿದೆ ಕಣೋ. ಮುಗಿಸಿ ಎದ್ದ ಕೂಡಲೇ 'ಅವ ಬಂದ್ನನಾ?' ಅಂತ ನನ್ನೇ ಕೇಳ್ತಿತ್ತು ಅತ್ತೆ."

ನಾನು ಅತ್ತುಬಿಟ್ಟೆ. ಅತ್ತುಕೊಂಡೇ ಒಳಗೆ ಹೋದೆ. ದೇವರು ಇದ್ದಾನೆಂಬುದಕ್ಕೆ ಆಮೇಲೆ ನಾನು ಬೇರೆ ಪುರಾವೆ ಹುಡುಕಿಲ್ಲ.

ಅಂದಿನಿಂದ ಜಪಸರ ಹೇಳಿಸುವ ಕೆಲಸ ಅಂತೋಣಿಯದಾಯಿತು. ಹೋದ ವರ್ಷ ಅವನೂ ಹೋದ. ಈಗ ಶನಿವಾರ ಶನಿವಾರ ಸೊರಬದ ಬಸ್ಸು ಹತ್ತಿ ಹೋಗಿ ನಾನೇ ಹೇಳಿಸುತ್ತೇನೆ. ಆದರೆ ಅವನ ಮಗ ಜೋಸೆಫ್ ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಚರ್ಚಿನ ಕಡೆ ಮುಖ ಹಾಕಿಲ್ಲ. ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಬುದ್ಧಿ ಹೇಳಿದೆ. ಈಚೆಗೆ ನನ್ನನ್ನು ಕಂಡರೆ ಅವನು ರಸ್ತೆಯ ಆ ಬದಿಗೆ ದಾಟುತ್ತಾನೆ. ಬಹುಮಾನ ಪಡೆದವರ ಉಪದೇಶಕ್ಕೆ ಇಷ್ಟೇ ಬೆಲೆ. ಅತ್ತೆ ನನಗೆ ಒಂದು ದಿನವೂ ಬುದ್ಧಿ ಹೇಳಿರಲಿಲ್ಲವೆಂಬುದು ಪೋಣಿಸಿದ ಸರ ಹಿಡಿದು ಕೂತ ಈಗ ನೆನಪಾಗುತ್ತಿದೆ.

"ಕೊಡ್ರಿ, ಬಿಚ್ಚಿ ಸರಿ ಮಾಡ್ತೀನಿ" ಎಂದು ಹೆಂಡತಿ ಕೈ ಚಾಚಿದಳು.

"ಒಂಬತ್ತರ ಗುಂಪಿಗೆ ಬೇರೆ ಮಣಿ ಹುಡುಕಿ ಹಾಕು. ಹನ್ನೊಂದು ಹಾಗೇ ಇರಲಿ, ಅದು ಜೋಸೆಫನದು" ಎಂದೆ.

"ಅವ ಬರ್ತಾನೇನ್ರೀ?"

"ಬರ್ತಾನೆ ಬಿಡು. ನಾನು ಬರಲಿಲ್ವಾ?"