ದಪ್ಪದ ಕಲಮಿನಲ್ಲಿ ಎರಡು ಇಂಚು

2006ನೇ ಇಸವಿಯಲ್ಲಿ ನಾನು ಕೊಪ್ಪದ ಸಮೀಪದ ಬಾಳಗಡಿಯ ಟೈಲ್ಸ್ ಅಂಗಡಿಯೊಂದರಲ್ಲಿ ಕಾರ್ಯನಿರ್ವಹಿಸುತ್ತಿದ್ದೆ. ಗಿರಾಕಿಗಳ ಮನೆಗೆ ತೆರಳಿ, ಕೋಣೆ ಅಳೆದು, ಬೇಕಾಗುವ ಸಾಮಗ್ರಿಯ ಅಂದಾಜು ಪಟ್ಟಿ ಒದಗಿಸುವುದು ನನ್ನ ಕರ್ತವ್ಯವಾಗಿತ್ತು. ಬರೆದು ಅಭ್ಯಾಸವಿಲ್ಲದ ಕಾರಣ, ಲೋಪವಿದ್ದಲ್ಲಿ ಮನ್ನಿಸಬೇಕಾಗಿ ಓದುಗರಲ್ಲಿ ವಿನಂತಿ.

ಆ ವರ್ಷ ಅಲ್ಲಿಯೇ ಹತ್ತಿರದ ನಾರ್ವೆ ಎಂಬ ಊರಿನ ಸುರೇಶ ಎಂಬವರು ತಮ್ಮ ಅಕ್ಕನ ಕೋಣೆಗೆ ಟೈಲ್ಸ್ ಹಾಕಿಸಲು ಕರೆಸಿದರು. ಅಕ್ಕ ರತ್ನಮ್ಮನವರಿಗೆ ಐವತ್ತು ವರ್ಷ. ಪಾರ್ಶ್ವವಾಯುವಿನಿಂದ ಬಲಭಾಗ ಸ್ವಾಧೀನ ತಪ್ಪಿತ್ತು. ಗೋಣಿಚೀಲದ ಮೇಲೆ ಕುಳಿತು, ಎಡಗೈ ಊರಿ ಜಾರುತ್ತಾ ಬಚ್ಚಲಿಗೆ ತಾವೇ ಹೋಗಿಬರುತ್ತಿದ್ದರು. ಅದಕ್ಕೆ ಯಾರನ್ನೂ ಕರೆಯುತ್ತಿರಲಿಲ್ಲ. ಆದರೆ ಒಡೆದ ಸಿಮೆಂಟ್ ನೆಲಕ್ಕೆ ಚೀಲ ಸಿಕ್ಕಿಕೊಳ್ಳುತ್ತಿತ್ತು.

"ನುಣ್ಣಗೆ ಮಾಡಿಕೊಡು ಮಾರಾಯ, ನನ್ನ ಗಾಡಿ ಜೋರಾಗಿ ಓಡ್ಲಿ," ಎಂದು ನಕ್ಕರು.

ಕೋಣೆಯ ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಒಂದಡಿ ಚೌಕದ ಟೈಲ್ 120. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿ 132. ಹಳೆಯ ನೆಲದ ಮೇಲೆಯೇ ಎರಡು ಇಂಚು ದಪ್ಪ ಗಾರೆ ಹಾಸುವುದೆಂದು ಹಿಡಿದು, ಸಿಮೆಂಟ್ ಐದು ಚೀಲ, ಮರಳು 22 ಘನ ಅಡಿ ಎಂದು ಬರೆದುಕೊಟ್ಟೆ.

ಕೆಲಸ ನಡೆದ ಐದು ದಿನ ರತ್ನಮ್ಮನವರು ಜಗುಲಿಯಲ್ಲಿ, ಬಂದುಹೋಗುವವರೆದುರು ಮಲಗಿದ್ದರು. ಬಾಗಿಲು ನೆಲಕ್ಕೆ ತಾಗುತ್ತದೆಂದು ಆಚಾರಿ ಅದರ ಅಡಿಯನ್ನು ಕೊಯ್ದಾಗಲೂ ನನಗೆ ಏನೂ ಹೊಳೆಯಲಿಲ್ಲ. ಸಾಮಗ್ರಿ ಮಾತ್ರ ಸರಿಯಾಗಿ ಸಾಕಾಯಿತು.

ಆರನೆಯ ದಿನ ಅವರು ಕೋಣೆಯಿಂದ ಇಳಿದು ಬಚ್ಚಲಿಗೆ ಹೋದರು. ಮರಳಿ ಬಂದವರು ಬಾಗಿಲಲ್ಲೇ ಉಳಿದರು. ಮೊದಲು ಹೊರಗಿನ ನೆಲಕ್ಕೆ ಸಮನಾಗಿದ್ದ ಕೋಣೆ, ಟೈಲೂ ಸೇರಿ ಎರಡೂಕಾಲು ಇಂಚು ಮೇಲೇರಿತ್ತು. ಎಡಗೈಯನ್ನು ಮೂರು ಸಲ ಊರಿದರು.

"ಆಗ್ತಾ ಇಲ್ಲ ಸುರೇಶ. ಎತ್ತೋ."

ಮೇಸ್ತ್ರಿ ಸಿಮೆಂಟಿನ ಇಳಿಜಾರು ಕಟ್ಟಿಕೊಟ್ಟರು. ರತ್ನಮ್ಮನವರು ಅದನ್ನು ಅರ್ಧ ಏರಿ ಜಾರಿದರು. ಎಲ್ಲ ಕಿತ್ತು, ಹಳೆ ನೆಲವನ್ನೂ ಅಗೆದು, ತಗ್ಗಿಸಿ ಹಾಕಿಸಲು ಒಪ್ಪಿಗೆ ಕೋರಿಕೊಂಡೆ.

"ಮತ್ತೆ ಜಗುಲಿಯಲ್ಲಿ ಪ್ರದರ್ಶನಕ್ಕೆ ಇಡ್ತೀಯ ನನ್ನ? ಬೇಡ. ನೆಲ ಚಂದ ಇದೆ, ಬಿಡು."

ಅಂದಿನಿಂದ ಅವರು ಬಚ್ಚಲಿಗೆ ತಮ್ಮನ ಹೆಂಡತಿಯನ್ನು ಕೂಗಬೇಕಾಯಿತು. ಹೆಚ್ಚು ಕೂಗಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆಂದು ಸುರೇಶ ತಿಳಿಸಿದರು.

ಸದರಿ ಪ್ರಕರಣದಲ್ಲಿ ನನ್ನ ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ಅಂದಾಜು ಪಟ್ಟಿಯಲ್ಲಿ ಉದ್ದ, ಅಗಲಗಳ ಪಕ್ಕದ ಅಂಕಣದಲ್ಲಿ, ಅಂದರೆ ದಪ್ಪದ ಕಲಮಿನಲ್ಲಿ, ಎರಡು ಇಂಚು ಎಂದು ನಾನೇ ಬರೆದಿದ್ದೆ. ಮರಳಿಗಾಗಿ ಗುಣಿಸಿದೆನೇ ಹೊರತು, ಅದನ್ನು ಹತ್ತಬೇಕಾದವರು ಯಾರೆಂದು ಯೋಚಿಸಲಿಲ್ಲ. ದಪ್ಪವೆಂದರೆ ಎತ್ತರವೂ ಹೌದೆಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಕಲಿತದ್ದು ರತ್ನಮ್ಮನವರ ಉಪಯೋಗಕ್ಕೆ ಬರಲಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.